ಬೆಂಡಿನ ಕಿರೀಟ, ಪ್ಲಾಸ್ಟಿಕ್ ಬಾಸಿಂಗ

ಕೊಲ್ಕತ್ತಾದ ಮದುವೆ ಮನೆಯಲ್ಲಿ ನನ್ನಂಥ ಸಸ್ಯಾಹಾರಿಗೆ ಬಿಡುವು ಜಾಸ್ತಿ. ಉಳಿದವರು ಮೀನಿನ ಎರಡನೇ ಬಗೆಗೆ ಬರುವ ಹೊತ್ತಿಗೆ ನನ್ನ ಲುಚಿ, ಕಡಲೆಬೇಳೆ ದಾಲ್, ಚಟ್ನಿ, ಸಂದೇಶ್ ಎಲ್ಲ ಮುಗಿದಿರುತ್ತದೆ. ಕಳೆದ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರ ಮಗನ ಮದುವೆಯಲ್ಲೂ ಹಾಗೇ ಆಯಿತು. ಕೈ ತೊಳೆದು ಬಂದು ವರನ ಅಜ್ಜಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವರ ಮಡಿಲಲ್ಲಿ ಮೊಮ್ಮಗನ ಟೊಪೋರ್ ಇತ್ತು. ಬಿಳಿ ಬಣ್ಣದ, ಗೋಪುರದಂತೆ ಮೇಲೆ ಮೇಲೆ ಚೂಪಾಗುವ ಕಿರೀಟ. ಎರಡೂ ಕಡೆ ಇಳಿಬಿದ್ದ ಬಿಳಿ ಹೂವಿನ ಎಳೆಗಳು. ನೋಡಿ ಅಂತ ನನ್ನ ಕೈಗೆ ಕೊಟ್ಟರು. ತೂಕವೇ ಇಲ್ಲ.

"ನಿಮ್ಮ ಕಡೆ ವರ ಏನು ಕಟ್ಟಿಕೊಳ್ಳುತ್ತಾನೆ?" ಅಂತ ಮಾಸಿಮಾ, ಅಂದರೆ ಆ ಅಜ್ಜಿ, ಕೇಳಿದರು. ನಾನು ಖುಷಿಯಿಂದ ಮೊಬೈಲ್ ತೆಗೆದು ಅಕ್ಕನ ಮಗನ ಮದುವೆ ಫೋಟೋ ತೋರಿಸಿದೆ. ಪೇಟ, ಬಾಸಿಂಗ, ಭುಜದ ಮೇಲೆ ಅಕ್ಕಿಕಾಳು, ಎಲ್ಲ ಇತ್ತು. ಮಾಸಿಮಾ ಕನ್ನಡಕ ಸರಿ ಮಾಡಿಕೊಂಡು ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದರು. ಬಾಸಿಂಗದ ಹತ್ತಿರ ನಿಲ್ಲಿಸಿದರು.

"ಇದು ಪ್ಲಾಸ್ಟಿಕ್ ಅಲ್ವಾ?"

ಪ್ಲಾಸ್ಟಿಕ್ಕೇ. ಹಿಂದೆ ರಟ್ಟು, ಮುಂದೆ ಚಿನ್ನದ ಬಣ್ಣದ ಮಣಿ, ನಡುವೆ ಒಂದು ಕೆಂಪು ಹರಳು. ಮಾಸಿಮಾ ಏನೂ ಅಣಕಿಸಲಿಲ್ಲ. "ಮದುವೆಗೆ ಪ್ಲಾಸ್ಟಿಕ್ಕಾ" ಅಂತ ತಮ್ಮಷ್ಟಕ್ಕೆ ಅಂದುಕೊಂಡು ಫೋನು ವಾಪಸ್ ಕೊಟ್ಟರು. ಜೋರಾಗಿ ನಕ್ಕಿದ್ದರೆ ವಾಸಿ ಇತ್ತು.

ಚುಚ್ಚಿದ್ದು ಯಾಕೆಂದರೆ ಅವರ ಟೊಪೋರ್ ಮಾಡಿದ್ದು ಬೆಂಡಿನಿಂದ. ನಮ್ಮ ಬೆಂಡೇ. ನಮ್ಮವ್ವನ ಮದುವೆಯ ಬಾಸಿಂಗವೂ ಅದರದ್ದೇ. ಹಾವೇರಿ ಕಡೆಯ ನಮ್ಮೂರಲ್ಲಿ ಆಗ ಬಾಸಿಂಗ, ದಂಡಿ ಎಲ್ಲ ಹೂಗಾರರ ಮನೆಯಿಂದ ಬರುತ್ತಿತ್ತು. ಮದುವೆ ಮುಗಿದ ಮೇಲೆ ಅವ್ವ ಅದನ್ನು ದೇವರ ಮನೆಯ ಮೊಳೆಗೆ ತೂಗುಹಾಕಿದ್ದಳು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ದೀಪದ ಹೊಗೆ ಹಿಡಿದು ಕಂದಾಗಿತ್ತು, ಝರಿ ಕಾಗದ ಕಪ್ಪಾಗಿತ್ತು, ಆದರೆ ಬೆಂಡಿನ ಹೂವು ಒಂದೂ ಉದುರಿರಲಿಲ್ಲ.

ಇಲ್ಲಿ ಇದಕ್ಕೆ ಶೋಲಾ ಅನ್ನುತ್ತಾರೆ. ಕೆರೆ ಅಂಚಲ್ಲಿ, ಮಳೆನೀರು ನಿಂತ ಗದ್ದೆಯಲ್ಲಿ, ಹಳ್ಳದ ಬದಿಯಲ್ಲಿ ಬೆಳೆಯುವ ಗಿಡ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಈಸ್ಕಿನೊಮಿನಿ ಆಸ್ಪೆರಾ. ಹೊರಗಿನ ಕಂದು ತೊಗಟೆ ಕೆತ್ತಿದರೆ ಒಳಗೆ ಹಾಲಿನ ಬಣ್ಣದ ತಿರುಳು. ಬ್ರಿಟಿಷ್ ಸಾಹೇಬರು ಬಿಸಿಲಿಗೆ ಹಾಕಿಕೊಳ್ಳುತ್ತಿದ್ದ ಸೋಲಾ ಟೋಪಿ ಇದರದ್ದೇ. ತಂಜಾವೂರಿನವರು ಇದರಲ್ಲಿ ದೇವಸ್ಥಾನದ ಮಾದರಿ ಕೆತ್ತುತ್ತಾರೆ, ಅವರ ನೆಟ್ಟಿ ಕೆಲಸಕ್ಕೆ 2020ರಲ್ಲಿ ಜಿಐ ಟ್ಯಾಗೂ ಸಿಕ್ಕಿತು. ಬೆಂಗಳೂರಿನವರು ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಒಡಿಸ್ಸಿ ನೋಡಿರುತ್ತೀರಿ. ಒಡಿಸ್ಸಿ ಕುಣಿಯುವವರ ತುರುಬಿನ ಮೇಲಿರುವ ಆ ಬಿಳಿ ಶಿಖರವೂ ಇದೇ ತಿರುಳಿನದು, ಪುರಿಯಲ್ಲಿ ಮಾಡುತ್ತಾರೆ. ಅಂದರೆ ವಸ್ತು ನಮಗೆ ಹೊಸದಲ್ಲ. ನಾವು ಕೈಬಿಟ್ಟೆವು, ಇವರು ಬಿಟ್ಟಿಲ್ಲ.

ಆ ಮದುವೆ ಆದಮೇಲೆ ನಾನು ಇದರ ಹಿಂದೆ ಬಿದ್ದೆ. ಹೆಂಡತಿ "ನಿಮಗೆ ಬೇರೆ ಕೆಲಸ ಇಲ್ವಾ" ಅಂದಳು. ಇರಲಿಲ್ಲ.

ಇಷ್ಟು ದಿನ ಓಡಾಡಿ ನನಗೆ ಹೊಳೆದದ್ದು ಒಂದೇ. ಬಂಗಾಳದಲ್ಲಿ ಬೆಂಡಿನ ಕೆಲಸವನ್ನು ಯಾರೂ ಅಷ್ಟಾಗಿ ಹೊಗಳುವುದಿಲ್ಲ, ಆದರೆ ಕೊಳ್ಳುತ್ತಾರೆ. ನಮ್ಮಲ್ಲಿ ಹೊಗಳುತ್ತೇವೆ, ಕೊಳ್ಳುವುದಿಲ್ಲ.

ಇಲ್ಲಿನ ಯಾವುದೇ ಪಾಡಾಕ್ಕೆ ಹೋಗಿ, ಅಂದರೆ ಓಣಿಗೆ, ಒಂದು ದಶಕರ್ಮ ಭಂಡಾರ ಇರುತ್ತದೆ. ನಮ್ಮ ಗ್ರಂಥಿಗೆ ಅಂಗಡಿಯೇ. ಅದೇ ಕರ್ಪೂರ, ಅದೇ ದರ್ಭೆ, ಅದೇ ಸಣ್ಣ ಸಣ್ಣ ಪೊಟ್ಟಣ. ಮೇಲೆ ತಂತಿಗೆ ಟೊಪೋರ್‌ಗಳು ಪ್ಲಾಸ್ಟಿಕ್ ಚೀಲದೊಳಗೆ ತೂಗಾಡುತ್ತಿರುತ್ತವೆ. ವರನಿಗೆ ಟೊಪೋರ್, ವಧುವಿಗೆ ಮುಕುಟ. ಮಗುವಿಗೆ ಮೊದಲ ಅನ್ನ ಉಣಿಸುವ ದಿನ ಅದರ ತಲೆಗೂ ಒಂದು ಪುಟ್ಟ ಟೊಪೋರ್ ಬೇಕು, ಅದು ಕಿತ್ತೆಸೆದು ಅಳುತ್ತಿದ್ದರೂ ಬಿಡುವುದಿಲ್ಲ. ಪೂಜೆಗಳಿಗೆ ಚಾಂದ್‌ಮಾಲಾ ಬೇಕು, ಒಂದರ ಕೆಳಗೊಂದು ದುಂಡನೆ ಬಿಲ್ಲೆ ಜೋಡಿಸಿದ ಮಾಲೆ. ಬೆಂಡಿನ ಕದಂಬದ ಹೂವು ಬೇಕು. ಇದ್ಯಾವುದನ್ನೂ ಯಾರೂ "ಕರಕುಶಲ ಕಲೆ" ಅಂತ ಕರೆಯುವುದನ್ನು ನಾನು ಕೇಳಲಿಲ್ಲ. ಅರಿಶಿನ ಕುಂಕುಮದ ಪಟ್ಟಿಯಲ್ಲೇ ಅದೂ ಒಂದು ಸಾಲು.

ನಮ್ಮ ಮೇಲಿನ ಮಹಡಿಯ ಬೌದಿ, ಅಂದರೆ ಅತ್ತಿಗೆ, ಅವರ ಜೊತೆ ಒಂದು ಸಲ ಆ ಅಂಗಡಿಗೆ ಹೋಗಿದ್ದೆ. ಅವರ ಮೊಮ್ಮಗನ ಅನ್ನಪ್ರಾಶನ. ಅಂಗಡಿಯವನು ಒಂದು ಟೊಪೋರ್ ಕೊಟ್ಟ. ಬೌದಿ ಅದನ್ನು ತಿರುಗಿಸಿ, ಒಳಗಡೆ ಕಾಣದ ಜಾಗದಲ್ಲಿ ಉಗುರಿನಿಂದ ಒತ್ತಿದರು. ಥರ್ಮಾಕೋಲ್ ಆದರೆ ಒತ್ತಿದಲ್ಲಿ ಕಾಳು ಕಾಳು ಕಾಣುತ್ತದೆ. ಬೆಂಡು ಒಂದೇ ಸಮ ಮೆತ್ತಗೆ ತಗ್ಗುತ್ತದೆ. "ಇದು ಬೇಡ, ಶೋಲಾದ್ದು ಕೊಡು" ಅಂದರು. ಅವನು ಮರುಮಾತಿಲ್ಲದೆ ಒಳಗಿಂದ ಇನ್ನೊಂದು ತಂದ. ಬೌದಿಗೆ ಜನಪದ ಕಲೆಯ ಮೇಲೆ ವಿಶೇಷ ಪ್ರೀತಿ ಏನಿಲ್ಲ, ಅವರು ದಿನವಿಡೀ ಸೀರಿಯಲ್ ನೋಡುತ್ತಾರೆ. ಮಗುವಿಗೆ ಶೋಲಾದ್ದೇ ಹಾಕಬೇಕು ಅಂತ ಅತ್ತೆ ಹೇಳಿದ್ದರು, ಅತ್ತೆಗೆ ಅವರತ್ತೆ ಹೇಳಿದ್ದರು. ಅಷ್ಟೇ ಕಾರಣ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಸಂರಕ್ಷಣಾ ಯೋಜನೆ ಇನ್ನೊಂದಿಲ್ಲ.

ದುರ್ಗೆಯ ವಿಷಯಕ್ಕೆ ಬಂದರೆ ಕೇಳಲೇಬೇಡಿ. ಕುಮಾರಟುಲಿಯಲ್ಲಿ ಮಣ್ಣಿನ ಮೂರ್ತಿ ಮಾಡುವವರು ಬೇರೆ, ದೇವಿಗೆ ಒಡವೆ ತೊಡಿಸುವವರು ಬೇರೆ. ಬಾಗ್‌ಬಜಾರಿನ ದುರ್ಗೆಯನ್ನು ಒಮ್ಮೆ ನೋಡಿ. ಕಿರೀಟದಿಂದ ಹಿಡಿದು ಕೊರಳ ಹಾರದವರೆಗೆ ಬೆಳ್ಳಗೆ ಜಗಜಗ ಅನ್ನುತ್ತಿರುತ್ತದೆ. ಚಿನ್ನ, ಮುತ್ತು ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ. 2021ರಲ್ಲಿ ಕೊಲ್ಕತ್ತಾದ ದುರ್ಗಾಪೂಜೆಯನ್ನು ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಆವತ್ತು ಟೀವಿಯಲ್ಲಿ ಬೇಕಾದಷ್ಟು ಚರ್ಚೆ ಆಯಿತು, ಒಡವೆ ಮಾಡುವವರನ್ನು ಯಾರೂ ಕರೆಸಿದ್ದು ನೆನಪಿಲ್ಲ.

ಆ ಒಡವೆ ಮಾಡುವವರೇ ಮಾಲಾಕಾರರು. ಹೆಸರೇ ಹೇಳುವಂತೆ ಮೂಲ ಕಸುಬು ಹೂವು ಕಟ್ಟುವುದು. ನಮ್ಮ ಹೂಗಾರರ ನೆಂಟರು ಅಂದುಕೊಂಡರೂ ತಪ್ಪಿಲ್ಲ. ಪೂರ್ವ ಬರ್ಧಮಾನ್ ಜಿಲ್ಲೆಯಲ್ಲಿ, ಕಾಟ್ವಾ ಕಡೆ, ಬನಕಾಪಾಸಿ ಅಂತ ಒಂದು ಊರಿದೆ. ಶೋಲಾ ಕೆಲಸಕ್ಕೆ ಹೆಸರಾದ ಊರು. ಸಹೋದ್ಯೋಗಿಯೊಬ್ಬರ ಪರಿಚಯ ಹಿಡಿದು ಅಲ್ಲಿಗೆ ಹೋಗಿದ್ದೆ.

ಅಂಗಳದ ಗೋಡೆಗೆ ಬೆಂಡಿನ ಕಟ್ಟುಗಳನ್ನು ಒರಗಿಸಿದ್ದರು. ಇನ್ನೂ ತೊಗಟೆ ಬಿಡಿಸದವು, ನೋಡಿದರೆ ಒಲೆಗೆ ಹಾಕುವ ಪುಳ್ಳೆ ಅನ್ನಬೇಕು. ಮನೆಯ ಯಜಮಾನರು ಒಂದು ದಂಟು ಎತ್ತಿ ಹೆಬ್ಬೆರಳಲ್ಲಿ ಒತ್ತಿ ನೋಡಿದರು, ಪಕ್ಕಕ್ಕೆ ಇಟ್ಟರು. ಇನ್ನೊಂದು ಎತ್ತಿದರು. ಎರಡು ಜಾತಿ ಇವೆಯಂತೆ. ಕಾಠ್ ಶೋಲಾ ಗಟ್ಟಿ, ಭಾತ್ ಶೋಲಾ ಮೆತ್ತಗೆ. ಒಳ್ಳೆಯ ಕೆಲಸಕ್ಕೆ ಎರಡನೆಯದೇ ಬೇಕು. ಆಮೇಲೆ ಉದ್ದನೆಯ ತೆಳು ಕತ್ತಿ ತೆಗೆದುಕೊಂಡು ತೊಗಟೆ ಹೆರೆದರು. ಮುಂದಿನ ಕೆಲಸ ನೋಡುತ್ತ ನಾನು ಮಾತು ಮರೆತೆ. ಬಿಳಿ ತಿರುಳನ್ನು ಎಡಗೈಯಲ್ಲಿ ನಿಧಾನ ಉರುಳಿಸುತ್ತ ಬಲಗೈಯ ಕತ್ತಿಯನ್ನು ಅದಕ್ಕೆ ಆನಿಸಿ ಹಿಡಿದರು, ಅಷ್ಟೇ. ತಲೆಯ ರುಮಾಲು ಬಿಚ್ಚಿದ ಹಾಗೆ ಕಾಗದದಷ್ಟು ತೆಳುವಾದ ಹಾಳೆ ಸುತ್ತು ಸುತ್ತಾಗಿ ಹೊರಬಂತು. ಎಲ್ಲೂ ಹರಿಯಲಿಲ್ಲ. ಕತ್ತಿಯ ಕಡೆ ಅವರು ನೋಡುತ್ತಲೂ ಇರಲಿಲ್ಲ, ನನ್ನ ಜೊತೆ ಬೆಂಗಳೂರಿನ ಮನೆ ಬಾಡಿಗೆ ವಿಚಾರ ಮಾತಾಡುತ್ತಿದ್ದರು. ಆ ಹಾಳೆಯನ್ನು ಮಡಚಿ, ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕಿ, ಮತ್ತೆ ಸುತ್ತಿ, ಬುಡಕ್ಕೆ ದಾರ ಬಿಗಿದು ಬೆರಳಲ್ಲಿ ಒಮ್ಮೆ ಅರಳಿಸಿದರು. ಮಲ್ಲಿಗೆ. ಪಕ್ಕದಲ್ಲಿ ಕೂತಿದ್ದ ಸೊಸೆ ಅದನ್ನು ತೆಗೆದುಕೊಂಡು ಬುಟ್ಟಿಗೆ ಹಾಕಿದಳು. ಬುಟ್ಟಿಯಲ್ಲಿ ಅಂಥವು ರಾಶಿ ಇದ್ದವು.

ಅವರು ಹೇಳಿದ ಕಥೆ ಹೀಗಿದೆ. ಶಿವನಿಗೆ ಮದುವೆಗೆ ಬಿಳಿ ಕಿರೀಟ ಬೇಕಾಯಿತು. ವಿಶ್ವಕರ್ಮನನ್ನು ಕರೆಸಿದ. ಶಿವನ ಜಟೆಯ ಒಂದು ಎಳೆ ನೀರಿಗೆ ಬಿದ್ದು ಶೋಲಾ ಗಿಡ ಹುಟ್ಟಿತು. ಆದರೆ ವಿಶ್ವಕರ್ಮನ ಕೈ ಕಲ್ಲು, ಲೋಹಕ್ಕೆ ಪಳಗಿದ್ದು, ಈ ಮೆತ್ತನೆಯ ತಿರುಳು ಅವನ ಕೈಗೆ ಒಗ್ಗಲಿಲ್ಲ. ಕೊನೆಗೆ ಶಿವ ಮೈಯ ಒಂದು ಕೂದಲು ಕಿತ್ತು ಎಸೆದ, ಅದರಿಂದ ಮೊದಲ ಮಾಲಾಕಾರ ಹುಟ್ಟಿದ. ಕಥೆ ಮುಗಿಸಿ ಯಜಮಾನರು, "ವಿಶ್ವಕರ್ಮನ ಕೈಯಲ್ಲೇ ಆಗದ ಕೆಲಸ ಸ್ವಾಮಿ ಇದು" ಅಂತ ನಕ್ಕರು. ಆ ಗತ್ತು ನೋಡಿ ಖುಷಿ ಆಯಿತು.

ಇನ್ನು ನಮ್ಮೂರಿನ ಕಥೆ.

2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ರಜೆ ಹಾಕಿ ಊರಿಗೆ ಹೋಗಿದ್ದೆ. ಆಗ ನಮ್ಮ ಓಣಿಯ ಹೂಗಾರ ಕಾಕಾನ ಮನೆಗೂ ಹೋಗಿ ಬಂದಿದ್ದೆ. ಅವ್ವನ ಬಾಸಿಂಗ ಕಟ್ಟಿದ್ದು ಇವರ ತಂದೆ. ಪಡಸಾಲೆಯ ಗೋಡೆ ಮೇಲೆ ಕಾಕಾನಿಗೆ ಶಾಲು ಹೊದಿಸುತ್ತಿರುವ ದೊಡ್ಡ ಫೋಟೋ ಇತ್ತು. ತಲೆಗೆ ಮೈಸೂರು ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ, ಪಕ್ಕದಲ್ಲಿ ಸುತ್ತಮುತ್ತಲ ಗಣ್ಯರು. "ಬೆಂಡಿನ ಬಾಸಿಂಗ ಕಲಾವಿದರು" ಅಂತ ಬ್ಯಾನರಿನಲ್ಲಿ ಬರೆಸಿದ್ದರು. ಈಗಲೂ ಕಟ್ಟುತ್ತೀರಾ ಕಾಕಾ ಅಂತ ಕೇಳಿದೆ.

"ಬೆಂಡ ಎಲ್ಲಿಂದ ತರಲೋ ತಮ್ಮಾ? ಕೆರ್ಯಾಗ ಹೂಳ ತುಂಬೇತಿ. ಸಿಕ್ರೂ ಕೇಳಾವ್ರು ಯಾರದಾರ? ಆ ಫೋಟೋದಾಗ ಶಾಲ ಹಾಕ್ಯಾರಲ್ಲ, ಆ ಸಾಹೇಬ್ರ ಮಗನ ಮದವಿ ಹ್ವಾದ ವರ್ಷ ಆತು. ಬಾಸಿಂಗ ಪ್ಯಾಟ್ಯಾಗಿಂದ ತಂದ್ರು. ನನಗ ಊಟಕ್ಕ ಕರದಿದ್ರು, ಹೋಗಿ ಉಂಡ ಬಂದೆ."

ಕಾಕಾ ಇದನ್ನು ಕೊರಗಿ ಹೇಳಲಿಲ್ಲ, ಮದುವೆ ಊಟ ಚೆನ್ನಾಗಿತ್ತು ಅಂತಲೂ ಸೇರಿಸಿದ. ನನಗೇ ತಡೆಯಲಿಲ್ಲ. ಮಾತು ಸಿಕ್ಕಲ್ಲೆಲ್ಲ ನಮ್ಮ ಕಲೆ, ನಮ್ಮ ಸಂಸ್ಕೃತಿ ಅನ್ನುತ್ತೇವೆ. ವೇದಿಕೆ ಹಾಕುತ್ತೇವೆ, ಫಲಕ ಕೊಡುತ್ತೇವೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆಮೇಲೆ ಮನೆಯಲ್ಲಿ ಮದುವೆ ಬಂದರೆ ಒಬ್ಬರಿಗೂ ಕಾಕಾನ ನೆನಪಾಗುವುದಿಲ್ಲ. ಒಂದು ವರ್ಷಕ್ಕೆ ಓಣಿಯಲ್ಲಿ ನಡೆಯುವ ಅರ್ಧದಷ್ಟು ಮದುವೆಯವರು ಕಾಕಾನ ಬಾಗಿಲು ತಟ್ಟಿದ್ದರೆ ಆ ಶಾಲಿನ ಅಗತ್ಯವೇ ಇರುತ್ತಿರಲಿಲ್ಲ.

ಗಣಪತಿ ಹಬ್ಬವನ್ನೇ ನೋಡಿ. ನಮ್ಮ ಚಿಕ್ಕಂದಿನಲ್ಲಿ ಬಾಳೆದಿಂಡು, ಮಾವಿನ ತೋರಣ, ಫಲಾವಳಿ ಕಟ್ಟಿದ ಮಂಟಪ. ಈಗ ಥರ್ಮಾಕೋಲಿನ ಮೈಸೂರು ಅರಮನೆ, ಥರ್ಮಾಕೋಲಿನ ಹಿಮಾಲಯ, ಅದಕ್ಕೆ ಸುತ್ತ ಚೀನಾ ಬಲ್ಬು. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ಆದರೂ ಸ್ಟೇಷನರಿ ಅಂಗಡಿಯಲ್ಲಿ ಹಾಳೆಗಟ್ಟಲೆ ಸಿಗುತ್ತದೆ. ಇಲ್ಲಿ ಕೊಲ್ಕತ್ತಾದ ನಮ್ಮ ಕನ್ನಡದವರದ್ದೂ ಅದೇ ಹಾಡು. ಒಂದು ವರ್ಷ ರಾಜ್ಯೋತ್ಸವಕ್ಕೆ ಭುವನೇಶ್ವರಿಯ ಹಿಂದಿನ ಪ್ರಭಾವಳಿ, "ಸಿರಿಗನ್ನಡಂ ಗೆಲ್ಗೆ" ಅಕ್ಷರ ಎಲ್ಲವನ್ನೂ ಥರ್ಮಾಕೋಲಿನಲ್ಲಿ ಕತ್ತರಿಸಿ ಅಂಟಿಸಿದ್ದರು. ದುರ್ಗಾಪೂಜೆ ಆಗಷ್ಟೇ ಮುಗಿದಿತ್ತು, ಬಸ್ ಹಿಡಿದರೆ ಕುಮಾರಟುಲಿ. ಅಲ್ಲಿ ಹೇಳಿ ಮಾಡಿಸೋಣ ಅಂತ ನಾನು ಸಭೆಯಲ್ಲಿ ಹೇಳಿದ್ದಕ್ಕೆ "ಸುಮ್ನೆ ಖರ್ಚು ಯಾಕೆ" ಅಂದರು. ಅದೇ ಕಾರ್ಯಕ್ರಮದಲ್ಲಿ "ಅಳಿವಿನಂಚಿನ ಜನಪದ ಕಲೆಗಳು" ಅಂತ ಮುಕ್ಕಾಲು ಗಂಟೆ ಭಾಷಣ ಇಟ್ಟಿದ್ದರು.

ಮಾಸಿಮಾ ಕೇಳಿದ್ದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಸುಮ್ಮನಿರುತ್ತಾಳಾ.

"ಏ ಸಾಕ ಬಿಡೋ. ಅಲ್ಲಿ ಕುಂತು ನಮಗ ಬುದ್ಧಿ ಹೇಳಬ್ಯಾಡ. ಮದವಿ ಮನ್ಯಾಗ ನೂರಾಎಂಟ ಕೆಲಸ ಇರತಾವ. ಪ್ಯಾಟ್ಯಾಗ ಸಿಕ್ತು, ತಂದ್ವಿ. ನೀ ಊರ ಬಿಟ್ಟ ಹೋಗಿ ಆರಾಮ ಅದಿ. ಎಲ್ಲಾ ಹಿಡ್ಕೊಂಡ ಕುಂದ್ರೂದು ನಮ್ಮ ಪಾಲಿಗೇನ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹೊರಗೆ ಇರುವವರಿಗೆ ಊರು ಹಾಗೇ ಇರಬೇಕು ಅನ್ನುವ ಚಪಲ ಜಾಸ್ತಿ ಅಂತ ಅವಳ ಗುಮಾನಿ. ಇರಬಹುದು. ಆದರೆ ಬೌದಿಯ ಮನೆಯಲ್ಲೂ ಅವತ್ತು ನೂರಾಎಂಟು ಕೆಲಸ ಇದ್ದವು. ಆದರೂ ಅವರು ಉಗುರಿನಿಂದ ಒತ್ತಿ ನೋಡಿದರು.

ಇಷ್ಟೆಲ್ಲ ಬರೆದ ಮೇಲೆ ಇಲ್ಲಿನ ಹುಳುಕನ್ನೂ ಹೇಳಬೇಕು. ಹೇಳದಿದ್ದರೆ ಕೊಲ್ಕತ್ತಾದ ಕನ್ನಡಿಗರೇ ನನ್ನನ್ನು ಹಿಡಿದುಕೊಳ್ಳುತ್ತಾರೆ.

ಅಂಗಡಿಯವನು ಬೌದಿಗೆ ಮೊದಲು ಕೊಟ್ಟಿದ್ದು ಥರ್ಮಾಕೋಲಿನದ್ದೇ ಅಲ್ವಾ. ಒತ್ತಿ ನೋಡದವರು ಅದನ್ನೇ ತೆಗೆದುಕೊಂಡು ಹೋಗುತ್ತಾರೆ, ಅಂಥವರು ವರ್ಷ ವರ್ಷ ಹೆಚ್ಚುತ್ತಿದ್ದಾರೆ ಅಂತ ಅವನೇ ಹೇಳಿದ. ಥರ್ಮಾಕೋಲು ಅಗ್ಗ, ಬಿಸಿ ತಂತಿಯಲ್ಲಿ ಕೊಯ್ದರೆ ಆಯಿತು, ಕೈಚಳಕ ಬೇಕಿಲ್ಲ, ವರ್ಷವಿಡೀ ಸಿಗುತ್ತದೆ. ಬೆಂಡು ಹಾಗಲ್ಲ. ಮಳೆಗಾಲದಲ್ಲಿ ಬೆಳೆದ ಗಿಡವನ್ನು ಮಳೆ ಹಿಂದಾಗುವ ಹೊತ್ತಿಗೆ ಕೊಯ್ಯಬೇಕು. ಸೊಂಟದವರೆಗೆ ನೀರಲ್ಲಿ ನಿಂತು, ಜಿಗಣೆ ಕಚ್ಚಿಸಿಕೊಂಡು, ಹಾವಿಗೆ ಹೆದರಿಕೊಂಡು ಕೀಳಬೇಕು. ಒಣಗಿಸಿ ಇಡೀ ವರ್ಷಕ್ಕೆ ಕೂಡಿಟ್ಟುಕೊಳ್ಳಬೇಕು. ನೀರು ತಾಗಿದರೆ ಕಪ್ಪಾಗುತ್ತದೆ.

ಕೊಯ್ಯುವುದಕ್ಕಾದರೂ ಗಿಡ ಇರಬೇಕಲ್ಲ. ಬೆಂಡು ಬೆಳೆಯುತ್ತಿದ್ದ ಜೌಗಿನಲ್ಲಿ ಈಗ ಮೀನು ಸಾಕುತ್ತಾರೆ, ಇಲ್ಲವೇ ಮಣ್ಣು ತುಂಬಿ ಸೈಟು ಮಾಡುತ್ತಾರೆ. ಗದ್ದೆಗೆ ಕಳೆನಾಶಕ ಹೊಡೆದರೆ ಭತ್ತದ ನಡುವೆ ತಾನಾಗೇ ಬರುತ್ತಿದ್ದ ಬೆಂಡೂ ಕಳೆಯ ಜೊತೆ ಸಾಯುತ್ತದೆ. ಬನಕಾಪಾಸಿಯ ಯಜಮಾನರಿಗೆ ಚಿಕ್ಕಂದಿನಲ್ಲಿ ಊರ ಪಕ್ಕದ ಬಿಲದಲ್ಲೇ, ಅಂದರೆ ತಗ್ಗಿನ ಕೆರೆಯಲ್ಲೇ ಬೆಂಡು ಸಿಗುತ್ತಿತ್ತಂತೆ. ಈಗ ದೂರದ ಜಿಲ್ಲೆಯ ವ್ಯಾಪಾರಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇಳಿದ ರೇಟು ಕೊಡಬೇಕು. ಇದನ್ನು ಕೇಳಿಸಿಕೊಳ್ಳುವಾಗ ನನಗೆ ನಮ್ಮ ಕಾಕಾನ ಹೂಳು ತುಂಬಿದ ಕೆರೆ ನೆನಪಾಯಿತು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದ ನಾಡಿನವನು ಯಾರಿಗೆ ಏನು ಹೇಳಲಿ. ನಾನು ಬಾಡಿಗೆಗಿರುವ ಸಾಲ್ಟ್ ಲೇಕ್ ಬಡಾವಣೆಯೂ 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪಿನಲ್ಲಿ ತಂದು ಜೌಗು ನೆಲ ಮುಚ್ಚಿ ಎಬ್ಬಿಸಿದ್ದೇ.

ಇನ್ನು ಕಸುಬು ಕಲಿಯುವವರು. ಯಜಮಾನರು ಬೆಂಗಳೂರಿನ ಬಾಡಿಗೆ ಬಗ್ಗೆ ಸುಮ್ಮನೆ ಕೇಳಿದ್ದಲ್ಲ. ಅವರ ಮಗ ಇರುವುದು ಅಲ್ಲೇ, ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಬುಟ್ಟಿಗೆ ಹೂವು ಹಾಕುತ್ತಿದ್ದವಳು ಅವನ ಹೆಂಡತಿ. ಕತ್ತಿ ಹಿಡಿಯುವ ಕೆಲಸ ಅವನಿಗೆ ಅಪ್ಪನಷ್ಟೇ ಚೆನ್ನಾಗಿ ಬರುತ್ತದಂತೆ. ಪೂಜೆ ಹತ್ತಿರ ಬಂದಾಗ ರಜೆ ಹಾಕಿ ಊರಿಗೆ ಬರುತ್ತಾನೆ, ಆರ್ಡರು ಮುಗಿಸಿ ಕೊಟ್ಟು ಮತ್ತೆ ರೈಲು ಹತ್ತುತ್ತಾನೆ. ತಿಂಗಳಿಗೆ ಇಷ್ಟು ಅಂತ ಕೈಗೆ ಬರುವ ಸಂಬಳ ಬಿಟ್ಟು ಬಾ ಅನ್ನಲು ಅಪ್ಪನಿಗೆ ಧೈರ್ಯ ಇಲ್ಲ. ಮೊಮ್ಮಗನಿಗೆ ಕತ್ತಿ ಕೊಡುವುದೂ ಇಲ್ಲ, "ಅವನು ಓದಲಿ" ಅಂದರು. ವಿಶ್ವಕರ್ಮನ ಕಥೆ ಹೇಳುವಾಗಿನ ಗತ್ತು ಆಗ ಇರಲಿಲ್ಲ.

ಅಮೆರಿಕದ ಮದುವೆಗಳಲ್ಲಿ ಈಗ ವಧು ಹಿಡಿಯುವ ಹೂಗುಚ್ಛಕ್ಕೆ ಇದೇ ಸೋಲಾ ಹೂವು ಕೊಳ್ಳುತ್ತಾರೆ, ಬಂಗಾಳದಿಂದಲೂ ರಫ್ತಾಗುತ್ತದೆ. ಒಳ್ಳೆಯದೇ. ಮುರ್ಶಿದಾಬಾದಿನವರು ಒಂದು ಕಾಲದಲ್ಲಿ ದಂತದಲ್ಲಿ ಕೆತ್ತುತ್ತಿದ್ದ ಅಂಬಾರಿ ಆನೆ, ನವಿಲು ದೋಣಿಗಳನ್ನು ಶೋಲಾದಲ್ಲಿ ಕೆತ್ತಿ ಶೋರೂಮಿಗೆ ಕೊಡುತ್ತಾರೆ, ಅದಕ್ಕೂ ಬೆಲೆ ಇದೆ. ಆದರೆ ಹೊರಗಿನವರ ಹುಚ್ಚು ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಪಾಡಾದ ಅಂಗಡಿಯ ತಂತಿಗೆ ತೂಗುವ ಟೊಪೋರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ನಮ್ಮ ಕಡೆಯ ಬಗ್ಗೆಯೂ ಒಂದು ಮಾತು ಒಪ್ಪಿಕೊಳ್ಳದೆ ವಿಧಿಯಿಲ್ಲ. ಹಾವೇರಿಯ ಏಲಕ್ಕಿ ಹಾರ ಇವತ್ತಿಗೂ ಉಳಿದಿದೆ, ಉಳಿದಿರುವುದು ನಾನು ಇಷ್ಟೊತ್ತು ಬೈದ ಸನ್ಮಾನದ ಚಟದಿಂದಲೇ. ದೊಡ್ಡವರು ಯಾರೇ ಬರಲಿ, ಕೊರಳಿಗೆ ಏಲಕ್ಕಿ ಹಾರ ಹಾಕಬೇಕು ಅಂತ ನಮ್ಮವರಿಗೆ ಹಟ. ಆ ಹಟ ಇರುವವರೆಗೆ ಏಲಕ್ಕಿ ಪೋಣಿಸುವವರಿಗೆ ಕೆಲಸ ಇರುತ್ತದೆ. ಬೆಂಡಿನ ದಂಡಿಯೇ ಆಗಬೇಕು ಅನ್ನುವ ಮನೆತನಗಳೂ ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಇವೆ ಅಂತ ಅಕ್ಕನೇ ಆಮೇಲೆ ಹೇಳಿದಳು. ಅವಳಿಗೆ ಗೊತ್ತಿತ್ತು, ಸಿಟ್ಟಿಗೆ ಮೊದಲು ಹೇಳಲಿಲ್ಲ.

ಬಂಗಾಳಿಗಳು ಕೊಳ್ಳುತ್ತಾರೆ ಅಂತ ಮೇಲೆ ಬರೆದೆನಲ್ಲ. ಎಷ್ಟಕ್ಕೆ ಅಂತ ಬರೆಯಲಿಲ್ಲ. ಮೊನ್ನೆ ಲಕ್ಷ್ಮಿ ಪೂಜೆಗೆ ಚಾಂದ್‌ಮಾಲಾ ತರಲು ಬೌದಿ ಜೊತೆ ಮತ್ತೆ ಹೋಗಿದ್ದೆ. ಹಬ್ಬ ಅಂತ ಹಳ್ಳಿಯಿಂದ ಬಂದ ಹೆಂಗಸೊಬ್ಬರು ಫುಟ್‌ಪಾತಿನಲ್ಲಿ ಚೀಲ ಹಾಸಿಕೊಂಡು ತಾವೇ ಮಾಡಿದ್ದನ್ನು ಮಾರುತ್ತಿದ್ದರು. ಬೌದಿ ಉಗುರಿನಿಂದ ಒತ್ತಿ ನೋಡಿದರು. ಶೋಲಾದ್ದೇ. ಆಮೇಲೆ ಅರ್ಧ ರೇಟಿನಿಂದ ಚೌಕಾಸಿ ಶುರು ಮಾಡಿದರು. ಎದ್ದು ಹೋಗುವ ನಾಟಕ ಆಯಿತು, ವಾಪಸ್ ಬರುವ ನಾಟಕ ಆಯಿತು. ಕೊನೆಗೆ ಆ ಹೆಂಗಸು ತಲೆ ಚಚ್ಚಿಕೊಂಡು ಕೊಟ್ಟರು. ನನ್ನ ಸರದಿ ಬಂದಾಗ ನಾನು ಕೇಳಿದಷ್ಟು ಕೊಟ್ಟೆ. ದಾರಿಯುದ್ದಕ್ಕೂ ಬೌದಿ ನನ್ನನ್ನು ಬೈದರು. "ನಿಮ್ಮ ಬೆಂಗಳೂರಿನವರಿಂದಲೇ ಇಲ್ಲಿ ಎಲ್ಲದರ ರೇಟು ಹಾಳಾಗಿದ್ದು. ಮುಂದಿನ ವರ್ಷ ಅವಳು ನನಗೂ ಅಷ್ಟೇ ಹೇಳುತ್ತಾಳೆ, ಗೊತ್ತಾ?"

ನಾನು ಬೆಂಗಳೂರಿನವನಲ್ಲ, ಹಾವೇರಿಯವನು ಅಂತ ಅವರಿಗೆ ಎಷ್ಟು ಸಲ ಹೇಳಿದರೂ ಅಷ್ಟೇ.